ಹೊಗೆಯನ್ನು ಕಲ್ಲಾಗಿಸುವ ನೆಲ

ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಗೆ ಹೋದವರು ಬೊಮ್ಮಣ್ಣ ದಂಡನಾಯಕ 1246ರಲ್ಲಿ ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಾಲಯ ನೋಡುತ್ತಾರೆ, ಬೈಚೋಜ, ಮಲ್ಲಿತಮ್ಮರ ಉಳಿಯ ಕೆಲಸಕ್ಕೆ ಬೆರಗಾಗಿ ಹಿಂದಿರುಗುತ್ತಾರೆ. ಅದೇ ಸೀಮೆಯ ಬೈರಾಪುರ, ತಗಡೂರು, ಜಂಬೂರು, ಭಕ್ತರಹಳ್ಳಿಗಳ ನೆಲದಡಿಯಲ್ಲಿರುವ ಕಪ್ಪು-ಹಸಿರು ಬಂಡೆಯನ್ನು ನೋಡಲೆಂದೇ ಬರುವವರು ಭೂವಿಜ್ಞಾನಿಗಳು ಮಾತ್ರ. ಅವರು ಇದನ್ನು ನುಗ್ಗೇಹಳ್ಳಿ ಶಿಸ್ಟ್ ಪಟ್ಟಿ ಎನ್ನುತ್ತಾರೆ. ಸುಮಾರು 60 ಕಿಲೋಮೀಟರ್ ಉದ್ದ, ಅಗಲವೋ ಹೆಚ್ಚೆಂದರೆ ಒಂದೆರಡು ಕಿಲೋಮೀಟರ್. ವಯಸ್ಸು 310 ಕೋಟಿ ವರ್ಷದ ಆಸುಪಾಸು. ಪಕ್ಕದ ಹೊಳೆನರಸೀಪುರದಲ್ಲೂ ಇದೇ ಬಳಗದ ಇನ್ನೊಂದು ಪಟ್ಟಿ ಇದೆ. ಇವೆರಡನ್ನೂ ಸುತ್ತುವರಿದಿರುವುದು ಗೊರೂರಿನ ಹೇಮಾವತಿ ಪಾತ್ರದಲ್ಲಿ ಕಾಣುವಂಥ ನೈಸ್ ಶಿಲೆ. ಭಾರತದ ಅತಿ ಹಳೆಯ ಕಲ್ಲುಗಳ ಮಾತು ಬಂದಾಗಲೆಲ್ಲ ಗೊರೂರಿನ ಹೆಸರು ಬರುತ್ತದೆ.

ಈ ಕಪ್ಪು-ಹಸಿರು ಕಲ್ಲಿಗೆ ಒಂದು ಗುಣವಿದೆ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಅದು ತನ್ನೊಳಗಿನ ಮ್ಯಾಗ್ನೀಸಿಯಂ ಜೊತೆ ಬೆಸೆದು ಕಲ್ಲಾಗಿಸುತ್ತದೆ. ಹವಾಮಾನ ಬದಲಾವಣೆ ತಡೆಯಲು ಜಗತ್ತು ಸಾವಿರಾರು ಕೋಟಿ ಸುರಿದು ಹುಡುಕುತ್ತಿರುವ ವಿದ್ಯೆಯೂ ಇದೇ: ಹೊಗೆಯಿಂದ ಇಂಗಾಲವನ್ನು ಬೇರ್ಪಡಿಸಿ ಮತ್ತೆ ಮೇಲೇಳದಂತೆ ಭದ್ರ ಮಾಡುವುದು. ಇಂಗ್ಲಿಷಿನಲ್ಲಿ ಕಾರ್ಬನ್ ಕ್ಯಾಪ್ಚರ್ ಆ್ಯಂಡ್ ಸ್ಟೋರೇಜ್ ಎಂದು ಕರೆಯುವ ಈ ತಂತ್ರಜ್ಞಾನದ ಸುದ್ದಿ ಈಗ ದೆಹಲಿಯ ಬಜೆಟ್ ಭಾಷಣದವರೆಗೂ ಮುಟ್ಟಿದೆ. 2026ರ ಕೇಂದ್ರ ಬಜೆಟ್ ವಿದ್ಯುತ್, ಉಕ್ಕು, ಸಿಮೆಂಟ್, ತೈಲ ಶುದ್ಧೀಕರಣ, ರಾಸಾಯನಿಕ ಈ ಐದು ವಲಯಗಳಿಗಾಗಿ ಐದು ವರ್ಷಕ್ಕೆ 20,000 ಕೋಟಿ ರೂಪಾಯಿ ಎತ್ತಿಡುವುದಾಗಿ ಹೇಳಿದೆ. ಈ ಪಟ್ಟಿಯಲ್ಲಿ ಹಾಸನದಂಥ ಜಿಲ್ಲೆಗೆ ಜಾಗವಿಲ್ಲ. ಆದರೆ ಲೆಕ್ಕ ಬಿಡಿಸಿ ನೋಡಿದರೆ ಈ ಜಿಲ್ಲೆಗೂ ಒಂದು ಪಾಲಿದೆ ಎಂದು ನನಗನ್ನಿಸುತ್ತದೆ. ದೊಡ್ಡ ಪಾಲಲ್ಲ, ಆದರೆ ನಿಜವಾದದ್ದು.

ಮೊದಲು ಕಲ್ಲಿನ ಕಥೆಯನ್ನೇ ಮುಗಿಸುತ್ತೇನೆ. ನುಗ್ಗೇಹಳ್ಳಿ ಪಟ್ಟಿಯ ಮೂಲ ಶಿಲೆ ಡ್ಯೂನೈಟ್. ಅದರ ಮುಖ್ಯ ಖನಿಜ ಒಲಿವೀನ್. ಅದಕ್ಕೆ ನೀರು ತಾಗಿದರೆ ಸರ್ಪೆಂಟೀನ್ ಆಗುತ್ತದೆ. ಸರ್ಪೆಂಟೀನಿಗೆ ನೀರಿನ ಜೊತೆ ಇಂಗಾಲದ ಡೈಆಕ್ಸೈಡೂ ಸಿಕ್ಕಿದರೆ ಅದು ಟಾಲ್ಕ್ ಮತ್ತು ಮ್ಯಾಗ್ನಸೈಟ್ ಎಂಬ ಎರಡು ಖನಿಜಗಳಾಗಿ ಒಡೆಯುತ್ತದೆ. ಬಳಪದ ಕಲ್ಲು ಹುಟ್ಟುವ ದಾರಿಗಳಲ್ಲಿ ಇದೂ ಒಂದು. ಹೊಯ್ಸಳರ ಶಿಲ್ಪಿಗಳು ಉಗುರಿನಲ್ಲಿ ಗೀರಿದರೂ ಗುರುತು ಬೀಳುವ ಆ ಮೆದು ಕಲ್ಲನ್ನು ಆರಿಸಿಕೊಂಡದ್ದರಿಂದಲೇ ಅಷ್ಟು ಸೂಕ್ಷ್ಮ ಕೆತ್ತನೆ ಸಾಧ್ಯವಾಯಿತು. ಮ್ಯಾಗ್ನಸೈಟ್ ನೋಡಬೇಕೆಂದರೆ ಮೈಸೂರಿನ ಬಳಿಯ ದೊಡ್ಡಕಾನ್ಯಕ್ಕೆ ಹೋಗಬೇಕು. ಅಲ್ಲಿ ಡ್ಯೂನೈಟಿನ ಬಿರುಕುಗಳ ತುಂಬ ಬಿಳಿಯ ಎಳೆಗಳು, ಕೆಲವು ಕಡೆ ಬೆರಳಷ್ಟು, ಕೆಲವು ಕಡೆ ತೋಳಿನಷ್ಟು ದಪ್ಪ. ಒಂದು ಚೂರು ಕೈಗೆತ್ತಿಕೊಂಡರೆ ಗಂಟುಗಂಟು, ಹೊಳಪಿಲ್ಲ, ಹೊಲದ ಸುಣ್ಣಕಲ್ಲೇ ಎನ್ನಿಸುತ್ತದೆ. ವ್ಯತ್ಯಾಸ ತಿಳಿಯುವುದು ಆಮ್ಲ ಬಿಟ್ಟಾಗ. ಸುಣ್ಣಕಲ್ಲಿನ ಮೇಲೆ ತಿಳಿ ಹೈಡ್ರೋಕ್ಲೋರಿಕ್ ಆಮ್ಲದ ಎರಡು ಹನಿ ಹಾಕಿದರೆ ತಕ್ಷಣ ನೊರೆಗುಳ್ಳೆ ಏಳುತ್ತದೆ. ಮ್ಯಾಗ್ನಸೈಟ್ ತಣ್ಣಗಿನ ಆಮ್ಲಕ್ಕೆ ಜಗ್ಗುವುದಿಲ್ಲ. ಪುಡಿ ಮಾಡಿ, ಆಮ್ಲವನ್ನು ಸ್ವಲ್ಪ ಬಿಸಿ ಮಾಡಿ ಹಾಕಬೇಕು, ಆಗ ಗುಳ್ಳೆ ಬರುತ್ತದೆ. ಆ ಗುಳ್ಳೆಯಲ್ಲಿರುವುದು ಯಾವುದೋ ಕಾಲದಲ್ಲಿ ಬಂಡೆಯೊಳಗೆ ಇಳಿದು ಸಿಕ್ಕಿಬಿದ್ದ ಇಂಗಾಲದ ಡೈಆಕ್ಸೈಡ್. ಅಷ್ಟು ಕಾಲ ಅದು ಎಲ್ಲಿಗೂ ಹೋಗಿಲ್ಲ. ಇದಕ್ಕಿಂತ ಭದ್ರವಾದ ಉಗ್ರಾಣವನ್ನು ಯಾವ ಎಂಜಿನಿಯರೂ ಕಟ್ಟಲಾರ.

ಒಂದು ಟನ್ ಇಂಗಾಲದ ಡೈಆಕ್ಸೈಡನ್ನು ಹೀಗೆ ಕಲ್ಲಾಗಿಸಲು ಶುದ್ಧ ಒಲಿವೀನ್ ಆದರೆ 1.6 ಟನ್, ಸರ್ಪೆಂಟೀನ್ ಆದರೆ 2.1 ಟನ್ ಸಾಕು. ಇದು ರಸಾಯನಶಾಸ್ತ್ರದ ಲೆಕ್ಕ. ಹಾಗಾದರೆ ತೊಡಕು ಏನು? ಎರಡು ತೊಡಕಿದೆ, ಎರಡೂ ದುಡ್ಡಿನವು. ಹೊಗೆಯಿಂದ ಅನಿಲವನ್ನು ಬೇರ್ಪಡಿಸಲು ದುಡ್ಡು ಬೇಕು. ಕಲ್ಲನ್ನು ಹಿಟ್ಟಿನಷ್ಟು ನಯವಾಗಿ ಅರೆಯಲೂ ದುಡ್ಡು ಬೇಕು, ಏಕೆಂದರೆ ಗಟ್ಟಿ ಬಂಡೆಯ ಮೇಲ್ಮೈಯಲ್ಲಿ ಮಾತ್ರ ಕ್ರಿಯೆ ನಡೆಯುತ್ತದೆ, ಒಳಗಿಳಿಯಲು ಯುಗಗಳೇ ಬೇಕು.

ತೆಳು ಅನಿಲ, ದುಬಾರಿ ಕೆಲಸ

ಬೇರ್ಪಡಿಸುವ ಖರ್ಚು ನಿಂತಿರುವುದು ಅನಿಲ ಎಷ್ಟು ದಟ್ಟವಾಗಿದೆ ಎಂಬುದರ ಮೇಲೆ. ಕಲ್ಲಿದ್ದಲು ವಿದ್ಯುತ್ ಸ್ಥಾವರದ ಚಿಮಣಿಯಿಂದ ಬರುವ ಹೊಗೆಯಲ್ಲಿ ಇಂಗಾಲದ ಡೈಆಕ್ಸೈಡ್ ಇರುವುದು ಶೇ 12ರಿಂದ 14ರಷ್ಟು. ಸಿಮೆಂಟ್ ಗೂಡಿನಲ್ಲಿ ಇನ್ನಷ್ಟು ಹೆಚ್ಚು. ನಾವು ಉಸಿರಾಡುವ ಗಾಳಿಯಲ್ಲಿ ಶೇ 0.042 ಮಾತ್ರ. ಗಾಳಿಯಿಂದಲೇ ನೇರವಾಗಿ ಹಿಡಿಯುವುದೆಂದರೆ ಮೂಟೆ ರಾಗಿ ಹರಡಿಕೊಂಡು ಅದರೊಳಗಿನ ಒಂದು ಹಿಡಿ ಸಾಸಿವೆಯನ್ನು ಕಾಳುಕಾಳಾಗಿ ಹೆಕ್ಕುವ ಕೆಲಸ. ಐಸ್‌ಲ್ಯಾಂಡಿನಲ್ಲಿ ಕ್ಲೈಮ್‌ವರ್ಕ್ಸ್ ಕಂಪನಿ 2021ರಲ್ಲಿ ಶುರು ಮಾಡಿದ ಓರ್ಕಾ ಸ್ಥಾವರದ ಸಾಮರ್ಥ್ಯ ವರ್ಷಕ್ಕೆ 4,000 ಟನ್. 2024ರಲ್ಲಿ ಬಂದ ಮ್ಯಾಮತ್ ಸ್ಥಾವರದ್ದು 36,000 ಟನ್. ಭಾರತವೊಂದೇ ವರ್ಷಕ್ಕೆ ಸುಮಾರು 300 ಕೋಟಿ ಟನ್ ಉಗುಳುವಾಗ ಈ ಅಂಕಿಗಳ ಅಳತೆ ತಾನಾಗಿಯೇ ತಿಳಿಯುತ್ತದೆ.

ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜಿನಂತೆ ಅನಿಲ ದಟ್ಟವಾಗಿ ಸಿಗುವ ಕಡೆ ಹಿಡಿಯುವ ಖರ್ಚು ಟನ್ನಿಗೆ 15ರಿಂದ 25 ಡಾಲರ್. ವಿದ್ಯುತ್ ಸ್ಥಾವರ, ಸಿಮೆಂಟ್ ಕಾರ್ಖಾನೆಗಳಲ್ಲಿ 40ರಿಂದ 120 ಡಾಲರ್. ಡಾಲರಿಗೆ 85 ರೂಪಾಯಿಯಂತೆ ಹಿಡಿದರೂ ಒಂದು ಕಡೆ ಎರಡು ಸಾವಿರದ ಒಳಗೆ ಹೊರಗೆ, ಇನ್ನೊಂದು ಕಡೆ ಹತ್ತು ಸಾವಿರದವರೆಗೆ. ಇದು ಹಿಡಿಯುವ ಖರ್ಚು ಮಾತ್ರ. ಸಾಗಿಸುವುದು, ನೆಲಕ್ಕಿಳಿಸುವುದು, ಮುಂದೆ ದಶಕಗಟ್ಟಲೆ ಕಾವಲು ಕಾಯುವುದು ಬೇರೆ.

ಹಿಡಿಯಲು ಈಗ ಹೆಚ್ಚಾಗಿ ಬಳಸುವುದು ಅಮೈನ್ ಎಂಬ ದ್ರಾವಣ. ತಣ್ಣಗಿದ್ದಾಗ ಅದು ಇಂಗಾಲದ ಡೈಆಕ್ಸೈಡನ್ನು ಹೀರುತ್ತದೆ, 120 ಡಿಗ್ರಿಯ ಹತ್ತಿರ ಕಾಯಿಸಿದರೆ ಬಿಡುತ್ತದೆ. ವಿದ್ಯೆ ಹೊಸದೇನಲ್ಲ, 1930ರಲ್ಲೇ ಇದಕ್ಕೆ ಪೇಟೆಂಟ್ ಸಿಕ್ಕಿತ್ತು. ಕಾಯಿಸಲು ಬೇಕಾದ ಹಬೆಯದೇ ಸಮಸ್ಯೆ. 1,720 ಮೆಗಾವಾಟಿನ ರಾಯಚೂರು ಶಾಖೋತ್ಪನ್ನ ಕೇಂದ್ರಕ್ಕೆ ಇದನ್ನು ಪೂರ್ತಿಯಾಗಿ ಅಳವಡಿಸಿದರೆ ಹುಟ್ಟುವ ಶಕ್ತಿಯ ನಾಲ್ಕನೇ ಒಂದು ಭಾಗದಷ್ಟು ಈ ಕೆಲಸಕ್ಕೇ ಹೋಗಬಹುದು. ಅಂದರೆ 400 ಮೆಗಾವಾಟ್ ಆಸುಪಾಸು. ಬೇಸಿಗೆಯಲ್ಲಿ ಪಂಪ್‌ಸೆಟ್ಟಿಗೆ ಕರೆಂಟ್ ಸಾಲದೆ ರಾತ್ರಿ ಕಾದು ಕೂರುವ ರೈತನಿಗೆ ಈ ಲೆಕ್ಕ ಒಪ್ಪಿಸುವುದು ಯಾವ ಸರ್ಕಾರಕ್ಕೂ ಸುಲಭವಲ್ಲ.

ಹಾಗಾದರೆ ಜಗತ್ತಿನಲ್ಲಿ ಎಲ್ಲಾದರೂ ಇದು ಗಿಟ್ಟಿದೆಯೇ? ಗಿಟ್ಟಿದೆ. ನಾರ್ವೆ 1991ರಲ್ಲಿ ಸಮುದ್ರದ ತೈಲ, ಅನಿಲ ಕಂಪನಿಗಳ ಮೇಲೆ ಇಂಗಾಲದ ತೆರಿಗೆ ಹಾಕಿತು. ತೆರಿಗೆ ಕಟ್ಟುವುದಕ್ಕಿಂತ ಹೂಳುವುದೇ ಅಗ್ಗವೆಂದು ಕಂಡಾಗ ಸ್ಲೈಪ್ನರ್ ಅನಿಲ ಕ್ಷೇತ್ರದಲ್ಲಿ 1996ರಿಂದ ವರ್ಷಕ್ಕೆ ಸುಮಾರು ಹತ್ತು ಲಕ್ಷ ಟನ್ ಕಡಲ ತಳದ ಮರಳುಗಲ್ಲಿನೊಳಗೆ ಇಳಿಯತೊಡಗಿತು. ಅಮೆರಿಕ ತೆರಿಗೆಯ ಬದಲು ರಿಯಾಯಿತಿಯ ದಾರಿ ಹಿಡಿಯಿತು. 2022ರ ಕಾನೂನಿನ ಪ್ರಕಾರ ಕಾರ್ಖಾನೆಯ ಹೊಗೆಯಿಂದ ಹಿಡಿದು ಹೂಳಿದ ಪ್ರತಿ ಟನ್ನಿಗೆ 85 ಡಾಲರ್. ಎರಡೂ ಕಡೆ ನಾವು ಗಮನಿಸಬೇಕಾದದ್ದು ಒಂದೇ ಸಂಗತಿ: ಇಂಗಾಲ ಹೂಳುವವನಿಗೆ ಯಾರಾದರೂ ಕಾಸು ಕೊಡಲೇಬೇಕು, ಇಲ್ಲವೇ ಹೂಳದವನಿಂದ ಕಾಸು ಕೀಳಬೇಕು. ಯಂತ್ರ ಎಷ್ಟೇ ಚೆನ್ನಾಗಿರಲಿ, ಬೆಲೆ ಇಲ್ಲದ ಸರಕನ್ನು ಯಾರೂ ತಯಾರಿಸುವುದಿಲ್ಲ. ಭಾರತ 2023ರಲ್ಲಿ ಕಾರ್ಬನ್ ಕ್ರೆಡಿಟ್ (ತಗ್ಗಿಸಿದ ಹೊಗೆಗೆ ಸಿಗುವ, ಮಾರಬಹುದಾದ ಪ್ರಮಾಣಪತ್ರ) ವಹಿವಾಟು ಯೋಜನೆಯನ್ನು ಅಧಿಸೂಚಿಸಿತು. 2025ರ ಅಕ್ಟೋಬರಿನಲ್ಲಿ ಅಲ್ಯೂಮಿನಿಯಂ, ಸಿಮೆಂಟ್, ಕ್ಲೋರ್-ಆಲ್ಕಲಿ, ಕಾಗದ ಕಾರ್ಖಾನೆಗಳಿಗೆ ಹೊಗೆಯ ಗುರಿಗಳನ್ನೂ ನಿಗದಿ ಮಾಡಿತು. ಯುರೋಪು ತನ್ನ ಗಡಿ ದಾಟಿ ಬರುವ ಉಕ್ಕು, ಸಿಮೆಂಟಿನ ಮೇಲೆ 2026ರಿಂದ ಇಂಗಾಲದ ಸುಂಕ ಎಣಿಸತೊಡಗಿದೆ. ತೋರಣಗಲ್ಲಿನ ಉಕ್ಕು ಯುರೋಪಿಗೆ ಹೋಗಬೇಕೆಂದರೆ ಅದರ ಬೆನ್ನಿಗೆ ಹೊಗೆಯ ಲೆಕ್ಕವೂ ಹೋಗಬೇಕು.

ಹಾಸನದ ಕೆಳಗೆ ಖಾಲಿ ಜಾಗವಿಲ್ಲ

ಸ್ಲೈಪ್ನರ್ ಮಾದರಿಯಲ್ಲಿ ಅನಿಲವನ್ನು ನೆಲದಾಳಕ್ಕೆ ಇಳಿಸಬೇಕಾದರೆ ಕೆಳಗೆ ರಂಧ್ರಗಳಿರುವ ಮರಳುಗಲ್ಲು ಬೇಕು, ಅದರ ಮೇಲೆ ಸೋರದ ಜೇಡಿಪದರ ಬೇಕು. ಹಾಸನ, ಅರಕಲಗೂಡು, ಹೊಳೆನರಸೀಪುರಗಳ ಕೆಳಗೆ ಇರುವುದು ಗಟ್ಟಿ ನೈಸ್ ಮತ್ತು ಗ್ರಾನೈಟ್. ಸಾವಿರ ಅಡಿ ಬೋರ್ ಕೊರೆಸಿ ಕಲ್ಲುಪುಡಿ ಮಾತ್ರ ಕಂಡು ಬರಿಗೈಲಿ ನಿಂತ ಯಾವ ರೈತನೂ ಇದಕ್ಕೆ ಸಾಕ್ಷಿ ಹೇಳಬಲ್ಲ. ಆದ್ದರಿಂದ ಇಲ್ಲಿ ಅನಿಲ ಹೂಳುವ ಬಾವಿಯ ಕನಸನ್ನು ಯಾರಾದರೂ ಮಾರಲು ಬಂದರೆ ನಂಬಬೇಕಿಲ್ಲ.

ರಾಜ್ಯದಲ್ಲಿ ಅದಕ್ಕೆ ಜಾಗವಿದ್ದರೆ ಅದು ಉತ್ತರದಲ್ಲಿ. ಬೆಳಗಾವಿ, ವಿಜಯಪುರ, ಬಾಗಲಕೋಟೆ, ಕಲಬುರಗಿ, ಬೀದರ್ ಜಿಲ್ಲೆಗಳ ಹಲವು ಭಾಗ ಕೂತಿರುವುದು ದಖನ್ ಬಸಾಲ್ಟಿನ ಮೇಲೆ. ನೀತಿ ಆಯೋಗ 2022ರ ನವೆಂಬರಿನ ವರದಿಯಲ್ಲಿ ದೇಶದ ಬಸಾಲ್ಟ್ ಬಂಡೆಗಳು 9,700 ಕೋಟಿಯಿಂದ 31,600 ಕೋಟಿ ಟನ್‌ವರೆಗೆ ಹಿಡಿದಿಡಬಹುದೆಂದು ಅಂದಾಜಿಸಿದೆ. ಐಸ್‌ಲ್ಯಾಂಡಿನ ಕಾರ್ಬ್‌ಫಿಕ್ಸ್ ತಂಡ 2012ರಲ್ಲಿ ಇಂಗಾಲದ ಡೈಆಕ್ಸೈಡನ್ನು ಸೋಡಾದಂತೆ ನೀರಿನಲ್ಲಿ ಕರಗಿಸಿ ಬಸಾಲ್ಟಿನೊಳಗೆ ಇಳಿಸಿತು. ಎರಡೇ ವರ್ಷದೊಳಗೆ ಅದರಲ್ಲಿ ಶೇ 95ರಷ್ಟು ಕಲ್ಲಾಯಿತೆಂದು 2016ರಲ್ಲಿ ಪ್ರಕಟಿಸಿದಾಗ ಭೂವಿಜ್ಞಾನಿಗಳೇ ಅಚ್ಚರಿಪಟ್ಟರು, ಅವರ ಎಣಿಕೆ ಶತಮಾನಗಳದ್ದಾಗಿತ್ತು. ಆದರೆ ಒಂದು ಟನ್ ಅನಿಲಕ್ಕೆ 25 ಟನ್ನಿನಷ್ಟು ನೀರು ಬೇಕು. ವಿಜಯಪುರದ ಮಾತಾಡುವಾಗ ಈ ಸಾಲನ್ನು ಮರೆಯುವಂತಿಲ್ಲ.

ಬೆಳಗಾವಿಯ ಹೆಸರು ಹೇಳಿದ್ದಕ್ಕೆ ಇನ್ನೊಂದು ಕಾರಣವಿದೆ. ರಾಜ್ಯದಲ್ಲಿ ಅತಿ ಹೆಚ್ಚು ಸಕ್ಕರೆ ಕಾರ್ಖಾನೆಗಳಿರುವುದು ಅಲ್ಲಿ. ಕಾಕಂಬಿ ಹುಳಿಸಿ ಎಥನಾಲ್ ಮಾಡುವಾಗ ತೊಟ್ಟಿಯಿಂದ ಏಳುವ ಅನಿಲ ಬಹುಮಟ್ಟಿಗೆ ಶುದ್ಧ ಇಂಗಾಲದ ಡೈಆಕ್ಸೈಡೇ. ಬೇರ್ಪಡಿಸುವ ಕೆಲಸ ಯೀಸ್ಟೇ ಮಾಡಿಕೊಟ್ಟಿರುತ್ತದೆ. ಒಂದು ಸಾವಿರ ಲೀಟರ್ ಎಥನಾಲಿಗೆ ಮುಕ್ಕಾಲು ಟನ್. ದಿನಕ್ಕೆ 60 ಸಾವಿರ ಲೀಟರ್ ತಯಾರಿಸುವ ಡಿಸ್ಟಿಲರಿಯಿಂದ ದಿನಕ್ಕೆ 45 ಟನ್. ಕಬ್ಬು ಆ ಇಂಗಾಲವನ್ನು ಗಾಳಿಯಿಂದಲೇ ಪಡೆದದ್ದಾದ್ದರಿಂದ ಇದನ್ನು ಹೂಳಿದರೆ ಗಾಳಿಯಲ್ಲಿ ನಿಜವಾಗಿಯೂ ಇಂಗಾಲ ಕಡಿಮೆಯಾಗುತ್ತದೆ. ದೇಶದ ಕಾರ್ಬನ್ ಕ್ಯಾಪ್ಚರ್ ಹಣ ಮೊದಲು ಹೋಗಬೇಕಾದ್ದು ಇಲ್ಲಿಗೆ ಎಂಬುದು ನನ್ನ ಖಚಿತ ಅಭಿಪ್ರಾಯ. ಬಜೆಟ್ ಹೆಸರಿಸಿದ ಐದು ವಲಯಗಳಲ್ಲಿ ಸಕ್ಕರೆ ಇಲ್ಲ. ನಮ್ಮ ಚನ್ನರಾಯಪಟ್ಟಣದ ಶ್ರೀನಿವಾಸಪುರದಲ್ಲಿ ಹೇಮಾವತಿ ಸಹಕಾರಿ ಸಕ್ಕರೆ ಕಾರ್ಖಾನೆ ಇದೆ. ಹಳೆ ಮೈಸೂರಿನ ಇಂಥ ಕಾರ್ಖಾನೆಗಳು ಎಥನಾಲಿನ ದಾರಿ ಹಿಡಿದಾಗ ಆ ಅನಿಲವನ್ನು ಗಾಳಿಗೆ ಬಿಡುವುದೋ, ಹಿಡಿದು ಸೋಡಾ ಕಂಪನಿಗೋ ಡ್ರೈ ಐಸಿಗೋ ಕೊಡುವುದೋ ಎಂದು ಮೊದಲ ದಿನವೇ ಯೋಚಿಸಬೇಕು. ಸೋಡಾ ಬಾಟಲಿಯಲ್ಲಿ ತುಂಬಿದ್ದು ಮುಚ್ಚಳ ತೆಗೆದೊಡನೆ ಗಾಳಿ ಸೇರುತ್ತದೆ, ಅದು ಶೇಖರಣೆಯಲ್ಲ. ಆದರೆ ಹಿಡಿದು ಒತ್ತಿ ತುಂಬುವ ಯಂತ್ರದ ಖರ್ಚು ಅದರಿಂದ ಗಿಟ್ಟುತ್ತದೆ.

ಹೂಳಿದ ಮೇಲೆ ಕಾವಲು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೂ ಎಥನಾಲ್ ಕಾರ್ಖಾನೆಯದೇ ಉದಾಹರಣೆ ಇದೆ. ಅಮೆರಿಕದ ಇಲಿನಾಯ್ ರಾಜ್ಯದ ಡಿಕೇಟರ್‌ನಲ್ಲಿ 2011ರಿಂದ ಮೂರು ವರ್ಷದಲ್ಲಿ ಹತ್ತು ಲಕ್ಷ ಟನ್ ಹೂಳಿ ಜಗತ್ತಿಗೇ ಮಾದರಿ ಎನ್ನಿಸಿಕೊಂಡ ಜಾಗದಲ್ಲಿ ಮುಂದೆ ವೀಕ್ಷಣಾ ಬಾವಿಯೊಂದು ತುಕ್ಕು ಹಿಡಿದು, ದ್ರವ ಅನುಮತಿ ಇಲ್ಲದ ಪದರಕ್ಕೆ ಸೋರಿತು. 2024ರಲ್ಲಿ ಅಲ್ಲಿನ ಪರಿಸರ ಸಂಸ್ಥೆ ನೋಟಿಸ್ ಕೊಟ್ಟಿತು. ಕಲ್ಲಾದ ಇಂಗಾಲಕ್ಕೆ ಈ ಭಯವಿಲ್ಲ. ನುಗ್ಗೇಹಳ್ಳಿಯ ಬಂಡೆಯ ಬಗ್ಗೆ ಮಾತಾಡಬೇಕೆನ್ನಿಸುವುದು ಇದೇ ಕಾರಣಕ್ಕೆ.

ಈಗಾಗಲೇ ಒಡೆದಿಟ್ಟ ಕಲ್ಲು

ಬೈರಾಪುರ, ತಗಡೂರು, ಜಂಬೂರುಗಳಲ್ಲಿ ದಶಕಗಳ ಕಾಲ ಕ್ರೋಮೈಟ್ ಗಣಿಗಾರಿಕೆ ನಡೆದಿದೆ. ಮೈಸೂರು ಮಿನರಲ್ಸ್, ಅಂದರೆ ಈಗಿನ ಕರ್ನಾಟಕ ರಾಜ್ಯ ಖನಿಜ ನಿಗಮ, ಇಲ್ಲಿನ ಪ್ರಮುಖ ಗಣಿಗಳನ್ನು ನಡೆಸಿತು. ಉಕ್ಕಿಗೆ ಬೇಕಾದ ಕ್ರೋಮೈಟ್ ಲಾರಿ ಹತ್ತಿತು. ಅದನ್ನು ಸುತ್ತುವರಿದ ಸರ್ಪೆಂಟೀನ್, ಡ್ಯೂನೈಟ್ ಕಲ್ಲುಗಳು ಬೇಡವಾಗಿ ಗಣಿಯ ಬಾಯಲ್ಲಿ ದಿಬ್ಬಗಳಾದವು. ಕಲ್ಲನ್ನು ಅಗೆದು, ಒಡೆದು, ಮೇಲೆ ತಂದ ಖರ್ಚನ್ನು ಕ್ರೋಮೈಟ್ ಎಂದೋ ತೀರಿಸಿಬಿಟ್ಟಿದೆ. ಅರೆಯುವ ಖರ್ಚಿನಲ್ಲೂ ಒಂದಿಷ್ಟು ತೀರಿದೆ. ಇಂಗಾಲ ಕಲ್ಲಾಗಿಸುವ ವ್ಯವಹಾರಕ್ಕೆ ಅಡ್ಡ ನಿಲ್ಲುವ ದೊಡ್ಡ ಖರ್ಚುಗಳಲ್ಲಿ ಒಂದು ಇಲ್ಲಿ ಆಗಲೇ ಸಂದಾಯವಾಗಿದೆ ಎಂದ ಹಾಗಾಯಿತು.

ಆಸ್ಟ್ರೇಲಿಯಾದ ಮೌಂಟ್ ಕೀತ್ ನಿಕಲ್ ಗಣಿಯಲ್ಲಿ ಇಂಥದೇ ಕಲ್ಲಿನ ಪುಡಿ ವರ್ಷಕ್ಕೆ ಸುಮಾರು 1.1 ಕೋಟಿ ಟನ್ ಹೊರಬೀಳುತ್ತಿತ್ತು. ಯಾರೂ ಏನೂ ಮಾಡದೆಯೇ, ಮಳೆ-ಬಿಸಿಲಿಗೆ ಒಡ್ಡಿಕೊಂಡ ಆ ಪುಡಿ ಗಾಳಿಯಿಂದ ವರ್ಷಕ್ಕೆ 40,000 ಟನ್ನಿನಷ್ಟು ಇಂಗಾಲದ ಡೈಆಕ್ಸೈಡ್ ಎಳೆದುಕೊಂಡು ಕಲ್ಲಾಗಿಸುತ್ತಿದೆ ಎಂದು ವಿಜ್ಞಾನಿಗಳು 2014ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಆ ಗಣಿ ಉಗುಳುತ್ತಿದ್ದ ಹೊಗೆಯ ಹತ್ತನೇ ಒಂದು ಭಾಗಕ್ಕಿಂತ ತುಸು ಹೆಚ್ಚು. ಒಮಾನ್ ದೇಶದಲ್ಲಿ ಇದೇ ಜಾತಿಯ ಬಂಡೆಯೊಳಗೆ ಅನಿಲ ಇಳಿಸುವ 44.01 ಎಂಬ ಕಂಪನಿ 2022ರಲ್ಲಿ ಅರ್ತ್‌ಶಾಟ್ ಪ್ರಶಸ್ತಿ ಪಡೆಯಿತು. ಹೆಸರಿನಲ್ಲಿರುವ ಅಂಕಿ ಇಂಗಾಲದ ಡೈಆಕ್ಸೈಡಿನ ಅಣುತೂಕ.

ನಮ್ಮ ದಿಬ್ಬಗಳಿಗೆ ಈ ಲೆಕ್ಕ ಹೊಂದಿಸಿ ನೋಡೋಣ. ಇದು ಉದಾಹರಣೆಗಾಗಿ ಮಾತ್ರ: ಒಂದು ಲಕ್ಷ ಟನ್ ಸರ್ಪೆಂಟೀನ್ ಇದೆ ಎಂದಿಟ್ಟುಕೊಳ್ಳಿ. ಪೂರ್ತಿ ಕ್ರಿಯೆ ನಡೆದರೆ ಹಿಡಿಯುವುದು 47,000 ಟನ್ ಚಿಲ್ಲರೆ. ಅದರಲ್ಲಿ ನೂರಕ್ಕೆ ಐದರಷ್ಟು ಮಾತ್ರ ಕ್ರಿಯೆಗಿಳಿಯಿತೆಂದರೆ 2,400 ಟನ್. ಸರಾಸರಿ ಭಾರತೀಯನ ಪಾಲಿಗೆ ವರ್ಷಕ್ಕೆ ಎರಡು ಟನ್ ಹೊಗೆ ಬರುತ್ತದೆ. ಹಾಗಾಗಿ ಇದು 1,200 ಜನರ ಒಂದು ವರ್ಷದ ಬಾಬತ್ತು. ಟನ್ನಿಗೆ 100 ಡಾಲರ್ ಸಿಕ್ಕರೆ ಎರಡು ಕೋಟಿ ರೂಪಾಯಿ. ಜಗತ್ತನ್ನು ಉಳಿಸುವ ಮೊತ್ತವಲ್ಲ ಇದು. ಆದರೆ ಗಣಿ ಬಿಟ್ಟುಹೋದ ಹಳ್ಳಿಗಳ ನೀರು, ಮಣ್ಣು ಸರಿಪಡಿಸಲು ಬೇಕಾದ ಹಣ ಎಲ್ಲಿಂದ ಎಂಬ ಪ್ರಶ್ನೆಗೆ ಒಂದು ಉತ್ತರವಂತೂ ಹೌದು.

ಆ ಮಣ್ಣು-ನೀರಿನ ಮಾತನ್ನು ಬಿಟ್ಟು ಈ ವಿಷಯ ಬರೆದರೆ ಅನ್ಯಾಯವಾಗುತ್ತದೆ. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ನುಗ್ಗೇಹಳ್ಳಿ ಕ್ರೋಮೈಟ್ ಗಣಿಗಳ ಸುತ್ತಲಿನ ಮಣ್ಣನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕ್ರೋಮಿಯಂ, ನಿಕಲ್‌ನಂಥ ಭಾರಲೋಹಗಳು ಮಿತಿ ಮೀರಿದ್ದನ್ನು ದಾಖಲಿಸಿದ್ದಾರೆ. ಈ ಬಂಡೆಯ ಹುಟ್ಟುಗುಣವೇ ಅದು. ಹೊಳೆನರಸೀಪುರ ಪಟ್ಟಿಯಲ್ಲಿ ಕಲ್ನಾರೂ ಸಿಗುತ್ತದೆ, ಅದರ ಎಳೆ ಉಸಿರಿಗಿಳಿದರೆ ಶ್ವಾಸಕೋಶಕ್ಕೆ ಆಪತ್ತು. ಆದ್ದರಿಂದ ಈ ದಿಬ್ಬಗಳನ್ನು ಕೆದಕಿ, ಅರೆದು, ಧೂಳೆಬ್ಬಿಸುವ ಯಾವ ಯೋಜನೆಯೂ ಬೇಡ. ಇದ್ದ ಜಾಗದಲ್ಲೇ, ತೇವ ಮತ್ತು ಅನಿಲ ಒದಗಿಸಿ, ಮೇಲ್ಪದರ ಗಟ್ಟಿ ಕಟ್ಟುವಂತೆ ಮಾಡುವ ವಿಧಾನಗಳಿವೆ. ಪುಡಿಯನ್ನು ಕಾರ್ಬೊನೇಟ್ ಕಟ್ಟಿ ಹಿಡಿದರೆ ಧೂಳೂ ಅಡಗುತ್ತದೆ. ಆ ದಾರಿ ನೋಡಬೇಕು.

ಹೊಲಕ್ಕೆ ಕಲ್ಲುಪುಡಿ, ಹೊಲಕ್ಕೆ ಇದ್ದಿಲು

ಕಲ್ಲುಪುಡಿಯನ್ನು ಹೊಲಕ್ಕೇ ಎರಚುವ ಇನ್ನೊಂದು ದಾರಿ ಈಚೆಗೆ ಹೆಸರು ಮಾಡಿದೆ. ಬಸಾಲ್ಟ್ ಪುಡಿಯನ್ನು ಮಧ್ಯ ಭಾರತದ ಸಣ್ಣ ಹಿಡುವಳಿದಾರರ ಭತ್ತದ ಗದ್ದೆಗೆ ಹಾಕಿಸುವ ಮಾಟಿ ಕಾರ್ಬನ್ ಎಂಬ ಸಂಸ್ಥೆ 2025ರ ಏಪ್ರಿಲ್‌ನಲ್ಲಿ 5 ಕೋಟಿ ಡಾಲರಿನ ಎಕ್ಸ್‌ಪ್ರೈಜ್ ಗೆದ್ದಿತು. ಮಳೆನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಆ ಪುಡಿಯ ಜೊತೆ ಕೂಡಿ ಬೈಕಾರ್ಬೊನೇಟ್ ಆಗಿ, ಹೊಳೆ ಸೇರಿ, ಕಡಲು ಮುಟ್ಟುತ್ತದೆ. ಹುಳಿ ಮಣ್ಣಿಗೆ ಸುಣ್ಣ ಹಾಕಿದ ಹಾಗೂ ಆಗುತ್ತದೆ, ಭತ್ತಕ್ಕೆ ಬೇಕಾದ ಸಿಲಿಕಾವೂ ಸಿಗುತ್ತದೆ. ಹೇಮಾವತಿ ನಾಲೆಯ ಅಚ್ಚುಕಟ್ಟಿನಲ್ಲಿ ಇದನ್ನು ಪರೀಕ್ಷಿಸಲು ಅಡ್ಡಿಯಿಲ್ಲ. ಆದರೆ ಪುಡಿ ನುಗ್ಗೇಹಳ್ಳಿಯದಾಗಬಾರದು, ಮೇಲೆ ಹೇಳಿದ ಕ್ರೋಮಿಯಂ ಕಾರಣಕ್ಕೆ. ಊರೂರಿನ ಕ್ರಷರ್ ಡಸ್ಟ್ ಕೂಡ ಆಗದು, ಬಿಳಿ ಗ್ರಾನೈಟಿನಲ್ಲಿ ಕ್ರಿಯೆಗಿಳಿಯುವ ಅಂಶವೇ ಕಡಿಮೆ. ವ್ಯಾಪಾರದಲ್ಲಿ ಕಪ್ಪು ಗ್ರಾನೈಟ್ ಎಂದು ಮಾರುವ ಕಲ್ಲಿದೆಯಲ್ಲ, ಅದು ನಿಜಕ್ಕೂ ಡಾಲರೈಟ್, ಬಸಾಲ್ಟಿನ ಒಡಹುಟ್ಟು. ಹಳೆ ಮೈಸೂರಿನ ಕಪ್ಪು ಗ್ರಾನೈಟ್ ಕ್ವಾರಿಗಳಲ್ಲಿ ಪಾಲಿಶಿಗೆ ಹೋಗುವುದಕ್ಕಿಂತ ಚೂರಾಗಿ ಉಳಿಯುವುದೇ ಹೆಚ್ಚು. ಭಾರಲೋಹದ ಪರೀಕ್ಷೆ ಮಾಡಿಸಿ ಆ ಚೂರನ್ನು ಬಳಸುವ ಯೋಚನೆ ಮಾಡಬಹುದು.

ಇದ್ದಿಲಿನ ದಾರಿ ಇನ್ನೂ ಹತ್ತಿರದ್ದು. ಕೃಷಿ ಉಳಿಕೆಯನ್ನು ಗಾಳಿ ತಾಗದಂತೆ ಸುಟ್ಟು ಮಾಡಿದ ಬಯೋಚಾರ್ ಮಣ್ಣಿನಲ್ಲಿ ನೂರಾರು ವರ್ಷ ಕೊಳೆಯದೆ ಉಳಿಯುತ್ತದೆ. ಒಂದು ಟನ್ ಬಯೋಚಾರ್ ಅಂದಾಜು ಎರಡೂವರೆ ಟನ್ ಇಂಗಾಲದ ಡೈಆಕ್ಸೈಡಿಗೆ ಸಮ. 2025ರ ಜನವರಿಯಲ್ಲಿ ಗೂಗಲ್ ಕಂಪನಿ ನಮ್ಮ ದೇಶದ ವರಾಹ ಸಂಸ್ಥೆಯಿಂದ 2030ರೊಳಗೆ ಒಂದು ಲಕ್ಷ ಟನ್ ಬಯೋಚಾರ್ ಕ್ರೆಡಿಟ್ ಕೊಳ್ಳಲು ಒಪ್ಪಿತು. ಕಚ್ಚಾವಸ್ತು ಗುಜರಾತಿನ ಬಳ್ಳಾರಿ ಜಾಲಿ. ಬ್ರೆಜಿಲಿನಲ್ಲಿ ಕಾಫಿ ಹೊಟ್ಟಿನಿಂದ ಬಯೋಚಾರ್ ಮಾಡುವ ನೆಟ್‌ಝೀರೊ ಕಂಪನಿ ಅದೇ ಎಕ್ಸ್‌ಪ್ರೈಜಿನಲ್ಲಿ 1.5 ಕೋಟಿ ಡಾಲರ್ ಪಡೆಯಿತು. ಸಕಲೇಶಪುರ, ಬೇಲೂರು ಸೀಮೆಯ ಕಾಫಿ ಬಂದು ಸಂಸ್ಕರಣೆಯಾಗುವ ಕ್ಯೂರಿಂಗ್ ವರ್ಕ್ಸ್‌ಗಳು ಹಾಸನದಲ್ಲೇ ಇವೆ. ಹೊಟ್ಟು ಒಂದೇ ಕಡೆ ರಾಶಿ ಬೀಳುವುದರಿಂದ ಸಾಗಾಟದ ಖರ್ಚು ಉಳಿಯುತ್ತದೆ. ಬಯೋಚಾರ್ ಲೆಕ್ಕದಲ್ಲಿ ಲಾಭ ತಿನ್ನುವುದೇ ಸಾಗಾಟ.

ತೆಂಗಿನ ಸೀಮೆ ಚನ್ನರಾಯಪಟ್ಟಣದಲ್ಲಿ ಚಿಪ್ಪು ಸುಟ್ಟು ಬಯೋಚಾರ್ ಮಾಡಿ ಎಂದು ಸಲಹೆ ಕೊಡುವವರು ಬಂದೇ ಬರುತ್ತಾರೆ. ಅದು ತಪ್ಪು ಲೆಕ್ಕ. ಚಿಪ್ಪಿನ ಇದ್ದಿಲಿಗೆ ನೀರು ಶುದ್ಧೀಕರಣದ ಆಕ್ಟಿವೇಟೆಡ್ ಕಾರ್ಬನ್ ಕಾರ್ಖಾನೆಗಳಲ್ಲಿ ಒಳ್ಳೆಯ ಬೆಲೆಯಿದೆ, ಅದನ್ನು ಮಣ್ಣಿಗೆ ಹಾಕಿದರೆ ನಷ್ಟ. ಮಟ್ಟೆ, ಸೋಗೆ ಎತ್ತಿಕೊಂಡು ಹೋದರೆ ಹಂಡೆ ಒಲೆಗೆ ಏನು ಹಾಕುವುದೆಂದು ಮನೆಯ ಹೆಂಗಸರು ಕೇಳುತ್ತಾರೆ, ಅವರು ಕೇಳುವುದು ನ್ಯಾಯ. ಉಳಿಯುವುದು ನಾರಿನ ಕಾರ್ಖಾನೆಗಳ ಹಿಂದೆ ಬಿದ್ದಿರುವ ನಾರುಪುಡಿ. ಒಣಗಿಸುವುದು ಕಷ್ಟವಾದರೂ ಅದಕ್ಕೆ ಬೇರೆ ಗಿರಾಕಿ ಕಡಿಮೆ.

ಬಯೋಚಾರ್ ಕ್ರೆಡಿಟಿಗೆ ಟನ್ನಿಗೆ 100 ಡಾಲರ್ ಹಿಡಿದರೆ ಒಂದು ಟನ್ ಇದ್ದಿಲಿಗೆ 21,000 ರೂಪಾಯಿ ಚಿಲ್ಲರೆ ಬರುತ್ತದೆ. ಕುಲುಮೆ, ಪ್ರಯೋಗಾಲಯ, ಲೆಕ್ಕ ಪರಿಶೋಧಕ, ಮಧ್ಯವರ್ತಿ ಎಲ್ಲರದ್ದೂ ಕಳೆದು ರೈತನ ಕೈಗೆ ಎಷ್ಟು? ಇದನ್ನು ಕರಾರಿನಲ್ಲಿ, ಕನ್ನಡದಲ್ಲಿ, ರೂಪಾಯಿಯಲ್ಲಿ ಬರೆಸಿಕೊಳ್ಳದೆ ಯಾರೂ ಸಹಿ ಹಾಕಬಾರದು. ಹಾಸನದ ಬಳಿ ಮಡೆನೂರಿನ ಜೈವಿಕ ಇಂಧನ ಉದ್ಯಾನ ಇಲ್ಲಿ ನೆನಪಾಗುತ್ತದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ 2007ರಲ್ಲಿ ಶುರು ಮಾಡಿದ ಈ ಕೇಂದ್ರ ಬದುಗಳ ಮೇಲೆ ಹೊಂಗೆ, ಬೇವು, ಹಿಪ್ಪೆ ಬೆಳೆಸಲು ರೈತರನ್ನು ಹುರಿದುಂಬಿಸಿತು, ಬೀಜದಿಂದ ಎಣ್ಣೆ, ಹಿಂಡಿಯಿಂದ ಗೊಬ್ಬರ ಎಂಬ ದಾರಿ ತೋರಿಸಿತು. ಹೊಲದ ಮುಖ್ಯ ಬೆಳೆಗೆ ಕೈ ಹಾಕದೆ ಬದುವಿನಿಂದ ನಾಲ್ಕು ಕಾಸು ಎಂಬ ಆ ತತ್ವವೇ ಇಂಗಾಲಕ್ಕೂ ಸರಿಯಾದ ತತ್ವ.

ಅರಕಲಗೂಡಿನ ಕಥೆ ಬೇರೆ. ಇಲ್ಲಿನ ಹೊಗೆಸೊಪ್ಪು ರಾಮನಾಥಪುರದ ಹರಾಜು ಮಾರುಕಟ್ಟೆಗೆ ಹೋಗುವ ಮುನ್ನ ಬ್ಯಾರನ್‌ಗಳಲ್ಲಿ ದಿನಗಟ್ಟಲೆ ಬೆಂಕಿಯ ಕಾವಿನಲ್ಲಿ ಹದವಾಗಬೇಕು. ಸೌದೆ ಲೋಡುಗಟ್ಟಲೆ ಉರಿಯುತ್ತದೆ. ಆ ಹೊಗೆಯನ್ನು ಹಿಡಿಯುವ ಯಂತ್ರ ಯಾರೂ ಕೂರಿಸಲಾರರು. ಬ್ಯಾರನ್ನಿನ ಛಾವಣಿಗೆ, ಗೋಡೆಗೆ ಕಾವು ಸೋರದ ಹೊದಿಕೆ ಹಾಕಿಸಿ ಸೌದೆ ಉಳಿಸುವುದೇ ಅಲ್ಲಿ ಅತಿ ಅಗ್ಗದ ಕಾರ್ಬನ್ ಕ್ಯಾಪ್ಚರ್. ಉರಿಸದ ಮರಕ್ಕಿಂತ ಒಳ್ಳೆಯ ಶೇಖರಣೆ ಇಲ್ಲ.

ಹೊಸ ವಿದ್ಯೆಯ ಕೆಲಸ ಬೆಂಗಳೂರಿನಲ್ಲಿ ಚುರುಕಾಗಿದೆ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಸೆಬಾಸ್ಟಿಯನ್ ಪೀಟರ್ ಅವರ ತಂಡ ಇಂಗಾಲದ ಡೈಆಕ್ಸೈಡನ್ನು ಮೆಥನಾಲ್ ಮಾಡುವ ವೇಗವರ್ಧಕ ರೂಪಿಸಿ, 2018ರಲ್ಲಿ ಕಾರ್ಬನ್ ಎಕ್ಸ್‌ಪ್ರೈಜಿನ ಅಂತಿಮ ಹತ್ತು ತಂಡಗಳಲ್ಲಿ ಒಂದಾಯಿತು. 2022ರಲ್ಲಿ ಕೇಂದ್ರ ಸರ್ಕಾರ ಇದೇ ಸಂಸ್ಥೆಯಲ್ಲಿ ರಾಷ್ಟ್ರೀಯ ಉತ್ಕೃಷ್ಟತಾ ಕೇಂದ್ರವನ್ನು ಘೋಷಿಸಿತು. ಆದರೆ ಒಂದು ಟನ್ ಮೆಥನಾಲಿಗೆ 188 ಕೆ.ಜಿ. ಜಲಜನಕ ಬೇಕು. ಹಸಿರು ಜಲಜನಕಕ್ಕೆ ಕೆ.ಜಿ.ಗೆ 300 ರೂಪಾಯಿ ಹಿಡಿದರೆ ಅದಕ್ಕೇ 56,000 ರೂಪಾಯಿ, ಮಾರುಕಟ್ಟೆಯ ಮೆಥನಾಲ್ ಅದಕ್ಕಿಂತ ಎಷ್ಟೋ ಅಗ್ಗ. ಜಲಜನಕ ಅಗ್ಗವಾಗುವವರೆಗೆ ಈ ವಿದ್ಯೆ ಕಾಯಬೇಕು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಾಯ ಅಗೆದ ಮಣ್ಣಿಗೆ ಇಂಗಾಲದ ಡೈಆಕ್ಸೈಡ್ ಹಾಯಿಸಿ ಗಾರೆಯಲ್ಲಿ ಮರಳಿನ ಬದಲು ಬಳಸುವ ಸಂಶೋಧನೆ ನಡೆದಿದೆ. ನನಗೆ ಹೆಚ್ಚು ಭರವಸೆ ಕಾಣುವುದು ಇದರಲ್ಲಿ, ಏಕೆಂದರೆ ಮರಳಿಗೆ ಈಗಾಗಲೇ ಬೆಲೆಯಿದೆ, ಅನಿಲ ಅದರ ಜೊತೆ ಪುಕ್ಕಟೆಯಾಗಿ ಒಳಗೆ ಸೇರುತ್ತದೆ. ತಮಿಳುನಾಡಿನ ತೂತ್ತುಕುಡಿಯಲ್ಲಿ 2016ರಿಂದ ಕಾರ್ಖಾನೆಯೊಂದು ತನ್ನ ಬಾಯ್ಲರಿನ ಹೊಗೆಯಿಂದ ವರ್ಷಕ್ಕೆ 60,000 ಟನ್ ಹಿಡಿದು ಸೋಡಾ ಆ್ಯಶ್ ತಯಾರಿಸುವ ವ್ಯವಸ್ಥೆ ಮಾಡಿಕೊಂಡದ್ದೂ ಸರ್ಕಾರದ ಸಹಾಯಧನದ ಆಸೆಗಲ್ಲ, ಕೊಳ್ಳುವ ಅನಿಲಕ್ಕಿಂತ ಹಿಡಿದ ಅನಿಲ ಅಗ್ಗವಾಯಿತೆಂಬ ಲೆಕ್ಕಕ್ಕೆ.

ಹಾಸನದ ಪಾಲಿನ ಕೆಲಸ ಇಷ್ಟೆಲ್ಲ ದೊಡ್ಡದಲ್ಲ. ಬೈರಾಪುರ, ತಗಡೂರು, ಜಂಬೂರಿನ ಗಣಿ ದಿಬ್ಬಗಳಲ್ಲಿ ಎಷ್ಟು ಕಲ್ಲಿದೆ, ಅದರಲ್ಲಿ ಸರ್ಪೆಂಟೀನ್ ಎಷ್ಟು, ಇಷ್ಟು ವರ್ಷದ ಮಳೆಗೆ ಈಗಾಗಲೇ ಎಷ್ಟು ಕಾರ್ಬೊನೇಟ್ ಕಟ್ಟಿದೆ, ಸುತ್ತಲಿನ ಬೋರ್‌ವೆಲ್ ನೀರಿನಲ್ಲಿ ಕ್ರೋಮಿಯಂ ಎಷ್ಟಿದೆ ಎಂದು ಅಳೆಯಬೇಕು. ಇದಕ್ಕೆ ಕೋಟಿಗಳು ಬೇಡ. ಹಾಸನದಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ, ವಿಜ್ಞಾನ ಕಾಲೇಜು ಇದೆ, ಹೇಮಗಂಗೋತ್ರಿಯ ಸ್ನಾತಕೋತ್ತರ ಕ್ಯಾಂಪಸ್ ಇದೆ. ಖನಿಜ ನಿಗಮ ಒಪ್ಪಿಗೆ ಕೊಟ್ಟು, ಗಣಿ ಮತ್ತು ಭೂವಿಜ್ಞಾನ ಇಲಾಖೆ ಮಾರ್ಗದರ್ಶನ ಕೊಟ್ಟು, ಬೆಂಗಳೂರಿನ ಪ್ರಯೋಗಾಲಯವೊಂದು ಮಾದರಿಗಳನ್ನು ಪರೀಕ್ಷಿಸಿದರೆ ಒಂದು ವರ್ಷದಲ್ಲಿ ಅಂಕಿಗಳು ಕೈಗೆ ಸಿಗುತ್ತವೆ. ಗಣಿಬಾಧಿತ ಪ್ರದೇಶಗಳ ಅಭಿವೃದ್ಧಿಗೆಂದೇ ಇರುವ ಜಿಲ್ಲಾ ಖನಿಜ ಪ್ರತಿಷ್ಠಾನ ನಿಧಿಯಿಂದ ಇದಕ್ಕೆ ಹಣ ಒದಗಿಸಲು ಜಿಲ್ಲಾಡಳಿತ ಮುಂದಾಗಬೇಕು. ಬಂದ ಅಂಕಿಗಳನ್ನು ಮೊದಲು ಆ ಊರುಗಳ ಗ್ರಾಮಸಭೆಯಲ್ಲಿ ಓದಿ ಹೇಳಬೇಕು, ಕಂಪನಿಗಳಿಗೆ ಆಮೇಲೆ.